ರಿವರ್ಸ್ ಗೇರ್ ಹುದ್ದೆಯಿಂದ ಬಿಡುಗಡೆ ಕೋರಿ

ಇಂದ,
ಬಾನೆಟ್ಟಿಗೆ ಎರಡೂ ಅಂಗೈ ಕೊಟ್ಟು, ಮೊಣಕೈಗೆ ಊಟದ ಡಬ್ಬಿಯ ಚೀಲ ನೇತುಹಾಕಿಕೊಂಡು ತಳ್ಳುತ್ತಿರುವ ಹೆಂಡತಿ,
ಕಾರಿನ ಶೆಡ್ಡು, ಗೋಡೆಗೂ ಬಂಪರಿಗೂ ನಡುವಿನ ಒಂದು ಮೊಳ ಜಾಗ.

ಗೆ,
ಮಾನ್ಯ ಚಾಲಕರು ಹಾಗೂ ಮನೆಯ ಯಜಮಾನರು,
ಸ್ಟಿಯರಿಂಗಿನ ಹಿಂದೆ.

(ಮುಖಾಂತರ: ಕಾರಿನ ಮುಂದಿನ ಗಾಜು)

ವಿಷಯ: ರಿವರ್ಸ್ ಗೇರಾಗಿ ಸಲ್ಲಿಸುತ್ತಿರುವ ಸೇವೆಯಿಂದ ಬಿಡುಗಡೆ ಹೊಂದುವ ಹಾಗೂ ಸದರಿ ಹುದ್ದೆಗೆ ಮಗಳನ್ನು ನೇಮಿಸದಿರುವ ಬಗ್ಗೆ.

ಉಲ್ಲೇಖ:
1. ತಮ್ಮ ಮೌಖಿಕ ಆದೇಶ: "ಒಂಚೂರು ಇಳಿದು ತಳ್ಳು, ಇವತ್ತೊಂದಿನ." (ಎರಡು ವರ್ಷ ನಾಲ್ಕು ತಿಂಗಳ ಹಿಂದಿನದು)
2. ಗೇರ್‌ಬಾಕ್ಸ್ ಮೆಕ್ಯಾನಿಕ್‌ನ ಅಭಿಪ್ರಾಯ. (ತಾವು ಅರ್ಧ ಕೇಳಿ ಎದ್ದುಹೋದದ್ದು)
3. ನಿನ್ನೆ ತಿಂಡಿಯ ಹೊತ್ತಿನ ತಮ್ಮ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

1. ನಮ್ಮ ಶೆಡ್ಡಿಗೆ ಕಾರು ಸಂಜೆ ಮೂತಿ ಮುಂದಾಗಿ ಒಳಹೋಗುತ್ತದೆ; ಬೆಳಿಗ್ಗೆ ಹಿಂದಕ್ಕೇ ಹೊರಬರಬೇಕು. ರಿವರ್ಸ್ ಗೇರ್ ಕೈಕೊಟ್ಟ ದಿನದಿಂದ ಈ ಕೆಲಸವನ್ನು ಅರ್ಜಿದಾರಳು ಭಾನುವಾರವೂ ಬಿಡದೆ ನಿರ್ವಹಿಸಿರುತ್ತಾಳೆ. ಆಕೆಗೆ ಜ್ವರ ಬಂದ ಮೂರು ದಿನ ಕಾರೂ ರಜೆಯಲ್ಲಿತ್ತು. ಆಗ ತಾವು ಬಸ್ಸಿನಲ್ಲಿ ಹೋಗಿ, ಕಾರಿಗೆ ಹುಷಾರಿಲ್ಲ ಎಂದು ಕಚೇರಿಯಲ್ಲಿ ತಿಳಿಸಿದಿರಿ.

2. ಕಾರು ತಿರುಗಿಸಲು ಜಾಗವಿಲ್ಲದ ಕಡೆ ಈ ಕುಟುಂಬ ಹೋಗುವುದನ್ನೇ ಬಿಟ್ಟಿದೆ. ಅರ್ಜಿದಾರಳ ಅಕ್ಕನ ಮನೆಯು, ಮುಂದಕ್ಕೆ ದಾರಿಯಿಲ್ಲದ ಒಂದು ಗಲ್ಲಿಯ ತುದಿಯಲ್ಲಿದೆ. ಆದಕಾರಣ ಅಕ್ಕನನ್ನು ನೋಡಿ ಎರಡು ವರ್ಷವಾಯಿತು. ಆಕೆ ಫೋನಿನಲ್ಲಿ, "ನಿನ್ನ ಗಂಡನ ಕಾರಿಗಿಂತ ಎತ್ತಿನ ಗಾಡಿ ವಾಸಿ ಕಣೆ, ಎತ್ತಾದ್ರೂ ತಿರುಗುತ್ತೆ," ಎಂದಿದ್ದನ್ನು ಇದುವರೆಗೆ ತಮ್ಮ ಗಮನಕ್ಕೆ ತಂದಿರುವುದಿಲ್ಲ.

3. ಒಮ್ಮೆ ಮಾತ್ರ ಕಾರನ್ನು ಮೆಕ್ಯಾನಿಕ್ ಬಳಿ ಒಯ್ದಿದ್ದೆವು. ಆತ ಕಾರಿನಡಿ ಮಲಗಿ ಗೇರ್ ಆಯಿಲ್ ಇಳಿಸಿದ. ಒಂಬತ್ತು ವರ್ಷ ಬದಲಾಗದ ಆಯಿಲ್ ಕಾಡಿಗೆಯಂತಿತ್ತು. ಬಿಸಿಲಿಗೆ ಹಿಡಿದರೆ ಲೋಹದ ಪುಡಿ ಮಿರುಗುತ್ತಿತ್ತು. ಅದರೊಳಗೆ ಬೆರಳಾಡಿಸಿ ಒಂದು ಚೂರು ಎತ್ತಿ ತೋರಿಸಿದ. ಅದು ಗೇರಿನ ಮುರಿದ ಹಲ್ಲು.

"ಇದು ತಾನಾಗಿ ಹೋಗಿದ್ದಲ್ಲ ಸಾರ್. ಗಾಡಿ ಮುಂದಕ್ಕೆ ಉರುಳ್ತಿರೋವಾಗ್ಲೇ ರಿವರ್ಸ್ ಎಳೆದಿದ್ದಕ್ಕೆ ಹೋಗಿದ್ದು. ಪೂರ್ತಿ ನಿಲ್ಲಿಸಿ, ಒಂದು ಉಸಿರು ತಡೆದು, ಆಮೇಲೆ ಹಾಕ್ಬೇಕು."

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆಯ ಅರ್ಥ ಅರ್ಜಿದಾರಳಿಗೆ ಅಂದು ಪ್ರತ್ಯಕ್ಷವಾಯಿತು. ಹೊಸ ಆಯಿಲ್ ಹಾಕಿಸಿ, ಗೇರೇ ಸರಿಯಿಲ್ಲವೆಂದು ದೂರಿ, ತಾವು ಹೋಗಿ ಸೀಟಿನಲ್ಲಿ ಕುಳಿತಿರಿ. ಮೆಕ್ಯಾನಿಕ್ ಆ ಹಲ್ಲನ್ನು ಕಾಗದದಲ್ಲಿ ಸುತ್ತಿ, "ಇಟ್ಕೊಳ್ಳಿ ಅಕ್ಕ. ಇಂಥವು ಇನ್ನೂ ಒಳಗಿದ್ರೆ ಮಿಕ್ಕ ಗೇರನ್ನೂ ತಿಂತವೆ," ಎಂದ. ದಾರಿಯಲ್ಲಿ ತಾವು ಅಪ್ಪಣೆ ಕೊಡಿಸಿದ್ದು: "ಹಿಂದಕ್ಕೆ ಹೋಗೋ ಕೆಲಸ ನಮಗೇನಿದೆ? ಮುಂದೆ ಹೋಗ್ತಾ ಇದ್ರಾಯ್ತು."

4. ಈಗ ಮೂರನೇ ಗೇರೂ ನರಳುತ್ತಿದೆ. ಅದು ನರಳಿದಾಗಲೆಲ್ಲ ತಾವು ರೇಡಿಯೋ ಜೋರು ಮಾಡುತ್ತೀರಿ.

5. ಒಂದು ಉಸಿರು ತಡೆಯುವ ನಿಯಮ ಮನೆಯ ಇತರ ಸಂದರ್ಭಗಳಿಗೂ ಅನ್ವಯಿಸುವುದಾದರೂ, ಅದು ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ.

6. ಅರ್ಜಿದಾರಳು ಮದುವೆಗೆ ಮುಂಚೆ ಐದು ವರ್ಷ ತನ್ನ ತಂದೆಯ ಬ್ರೆಡ್ ವ್ಯಾನು ಓಡಿಸಿದವಳು. ಪರವಾನಗಿಯನ್ನು ಇಂದಿಗೂ ತಪ್ಪದೆ ನವೀಕರಿಸುತ್ತಾಳೆ. ಸ್ಟಿಯರಿಂಗ್ ತಾನು ಹಿಡಿಯುವುದಾಗಿಯೂ, ತಾವು ತಳ್ಳಬಹುದೆಂದೂ ಒಮ್ಮೆ ಸೂಚಿಸಿದ್ದಳು. ಬೀದಿಯವರು ನೋಡಿದರೆ ಏನೆಂದಾರು ಎಂಬ ಕಾರಣಕ್ಕೆ ಸದರಿ ಸೂಚನೆ ತಿರಸ್ಕೃತವಾಯಿತು. ಬೀದಿಯವರು ಈಗಲೂ ನೋಡುತ್ತಿದ್ದಾರೆ.

7. ಕಳೆದ ವಾರ ವೈದ್ಯರು ಅರ್ಜಿದಾರಳ ಬಲ ಭುಜವನ್ನು ಪರೀಕ್ಷಿಸಿ, ಇನ್ನು ಭಾರ ತಳ್ಳಕೂಡದೆಂದರು. ಚೀಟಿಯನ್ನು ನಿನ್ನೆ ತಿಂಡಿಯ ಹೊತ್ತಿಗೆ ತಮ್ಮ ತಟ್ಟೆಯ ಪಕ್ಕ ಇಟ್ಟಾಗ ತಾವು ಓದಿ, ಚಹಾ ಕುಡಿದು, ಸಮಸ್ಯೆಯನ್ನು ಪರಿಹರಿಸಿದಿರಿ: "ಹಾಗಾದ್ರೆ ನಾಳೆಯಿಂದ ಮಗಳು ತಳ್ಳಲಿ. ಹದಿಮೂರಾಯ್ತಲ್ಲ, ಕಲೀಲಿ. ನೀನೇನು ಹುಟ್ಟುತ್ಲೇ ಕಲಿತಿದ್ಯಾ?"

ಅನುಕಂಪದ ಆಧಾರದ ನೇಮಕಾತಿಗೆ ಮೊದಲು ನೌಕರರು ಸಾಯತಕ್ಕದ್ದು. ಅರ್ಜಿದಾರಳು ಇನ್ನೂ ಜೀವಂತವಾಗಿರುವ ಕಾರಣ ಈ ನೇಮಕಾತಿ ನಿಯಮಬಾಹಿರ.

8. ಇಂದು ಬೆಳಿಗ್ಗೆ ಮಗಳು ಶಾಲೆಯ ಚೀಲ ಕೆಳಗಿಟ್ಟು, ಗೋಡೆಗೂ ಬಂಪರಿಗೂ ನಡುವೆ ನುಸುಳಿ, "ಅಮ್ಮಾ, ಕೈ ಎಲ್ಲಿಡ್ಬೇಕು?" ಎಂದು ಕೇಳಿದಳು. ಬಾನೆಟ್ಟಿನ ಮೇಲೆ ಬಣ್ಣ ಮಾಸಿದ ಎರಡು ಗುರುತುಗಳಿವೆ, ಅರ್ಜಿದಾರಳ ಅಂಗೈಗಳವು. ಉತ್ತರಕ್ಕೆ ಕಾಯದೆ ಮಗಳು ತನ್ನ ಕೈಗಳನ್ನು ಅಲ್ಲೇ ಇಟ್ಟಳು. ಸರಿಯಾಗಿ ಕೂತವು. ಅರ್ಜಿದಾರಳು ಅವಳನ್ನು ಪಕ್ಕಕ್ಕೆ ಸರಿಸಿ, ಇವತ್ತೊಂದಿನ ಎಂದು ತಾನೇ ತಳ್ಳಿದಳು. ತಾವು ಹಾರ್ನ್ ಹೊಡೆದಿರಿ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ,
(ಅ) ಗೇರ್‌ಬಾಕ್ಸ್ ಬಿಚ್ಚಿಸಿ ದುರಸ್ತಿ ಮಾಡಿಸಬೇಕೆಂದೂ,
(ಆ) ಮಗಳ ನೇಮಕಾತಿಯನ್ನು ರದ್ದುಗೊಳಿಸಬೇಕೆಂದೂ,
(ಇ) ಇವೆರಡೂ ಸಾಧ್ಯವಾಗದಿದ್ದಲ್ಲಿ, ತಳ್ಳುತ್ತಿರುವಾಗ ಹಾರ್ನ್ ಹೊಡೆಯಕೂಡದೆಂದೂ ಕೋರಲಾಗಿದೆ.

ತಮ್ಮನ್ನು ಈವರೆಗೆ ಹಿಂದಕ್ಕೆ ತಳ್ಳುತ್ತ ಬಂದ ವಿಶ್ವಾಸಿ,
(ಸಹಿ, ಭುಜದ ನೋವಿನಿಂದಾಗಿ ಎಡಗೈಯಲ್ಲಿ)

ಲಗತ್ತುಗಳು:
1. ಗೇರಿನ ಹಲ್ಲು, ಒಂದು. (ಈವರೆಗೆ ಹೊಲಿಗೆ ಡಬ್ಬಿಯಲ್ಲಿ ಗುಂಡಿಗಳ ಜೊತೆ ಇದ್ದದ್ದು)
2. ವೈದ್ಯರ ಚೀಟಿ. (ಚಹಾದ ಲೋಟದ ಗುರುತು ಸಹಿತ)
3. ಕಾರಿನ ಎರಡನೇ ಕೀಲಿ. (ಲಗತ್ತಿಸಿಲ್ಲ)

ಕಚೇರಿ ಉಪಯೋಗಕ್ಕೆ ಮಾತ್ರ:

ಅರ್ಜಿ ಸಲ್ಲಿಕೆಯಾಗಿಲ್ಲ. ನಾಲ್ಕು ಮಡಿಕೆ ಮಾಡಿ ಹೊಲಿಗೆ ಡಬ್ಬಿಯ ತಳದಲ್ಲಿ ಇಡಲಾಗಿದೆ.

ಶುಕ್ರವಾರ ಬೆಳಿಗ್ಗೆ ಚಾಲಕರು ಸಹೋದ್ಯೋಗಿಯ ವಾಹನದಲ್ಲಿ ಎರಡು ದಿನದ ಕೆಲಸಕ್ಕೆ ಹೊರಡುತ್ತಾರೆ. ಶೆಡ್ಡಿನ ನೆಲ ತೊಳೆಯಬೇಕು ಎಂಬ ಕಾರಣ ನೀಡಿ, ಗುರುವಾರ ಸಂಜೆ ಕಾರನ್ನು ಬೀದಿಯಲ್ಲೇ ನಿಲ್ಲಿಸಲು ಕೋರಲಾಗುವುದು. ಮೆಕ್ಯಾನಿಕ್ ಅಂಗಡಿಯವರೆಗೆ ಎಲ್ಲಿಯೂ ರಿವರ್ಸ್ ಬೇಕಾಗುವುದಿಲ್ಲವೆಂದು ಅರ್ಜಿದಾರಳು ಇಂದು ಮಧ್ಯಾಹ್ನ ಅಷ್ಟೂ ದಾರಿ ನಡೆದು ಖಚಿತಪಡಿಸಿಕೊಂಡಿರುತ್ತಾಳೆ.

ದುರಸ್ತಿಯ ನಂತರ ಅಕ್ಕನ ಗಲ್ಲಿಯ ಕೊನೆಯವರೆಗೂ ಹೋಗಿ, ಕಾರನ್ನು ಪೂರ್ತಿ ನಿಲ್ಲಿಸಿ, ಒಂದು ಉಸಿರು ತಡೆದು, ರಿವರ್ಸ್ ಗೇರನ್ನು ಪರೀಕ್ಷಿಸತಕ್ಕದ್ದು.

ಪ್ರತಿ: ಯಾರಿಗೂ ಇಲ್ಲ.