ಒಬ್ಬರೇನಾ, ಸೆನ್ಸೈ?

ಇಡೀ ಜಪಾನೀ ಸಾಹಿತ್ಯದಲ್ಲಿ ತುಂಬಿಕೊಂಡಿದ್ದ ಹತಾಶೆಯನ್ನು ಒಂದೇ ದಿನದಲ್ಲಿ, ಅದೂ ಬೆಂದ ಏಡಿಯ ಒಂದೇ ಒಂದು ಕಾಲಿನಿಂದ, ಹೊಡೆದು ಸಮುದ್ರಕ್ಕೆ ಅಟ್ಟಿದವನು ನಾನೇ. ನಂಬದಿದ್ದರೆ ನಮ್ಮ ಕಾಜಿಉರಾಕ್ಕೆ ಬಂದು ಕೇಳಿ. ಇಲ್ಲಿನ ಬಿಸಿನೀರ ಬುಗ್ಗೆಯ ವಸತಿಗೃಹದಲ್ಲಿ ನಾನು ಅಡುಗೆಯವನು. ನಾನು ಏಡಿ ಬೇಯಿಸಿದರೆ ಕೊರಿಯಾದ ದೋಣಿಗಳೂ ವಾಸನೆ ಹಿಡಿದು ಇತ್ತ ತಿರುಗುತ್ತವೆ.

ನಿನ್ನೆ ಸಂಜೆ ಟೋಕಿಯೊದಿಂದ ಒಬ್ಬಳೇ ಬಂದಿಳಿದ ಹಿರುಮಾ ಎಂಬ ಹುಡುಗಿಯ ಎದುರು ಕೂತು ಹೀಗೇ ಶುರುಮಾಡಿದ್ದೆ. ಪಾಪ, ಮುಖ ಸಪ್ಪಗಿತ್ತು. ತಟ್ಟೆಗೆ ಕೈ ಹಾಕಿರಲಿಲ್ಲ.

"ಹತಾಶೆ ಅಂದ್ರೆ ಯಾರದ್ದು?" ಎಂದಳು.

"ಕುಗಿಮಿಯಾ ಸೆನ್ಸೈ ಅವರದ್ದು!" ಎಂದೆ.

ಲೇಖಕರನ್ನು ನಾವು ಸೆನ್ಸೈ, ಅಂದರೆ ಗುರುಗಳೇ, ಎಂದೇ ಕರೆಯುವುದು. ಅವರಂಥ ಒಂಟಿತನದ ಕಾದಂಬರಿಕಾರ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವ ಧೈರ್ಯ ಯಾರಿಗೂ ಇಲ್ಲ. ಮೊದಲ ಕಾದಂಬರಿಯಲ್ಲಿ ನಾಯಕ ಮುನ್ನೂರು ಪುಟ ಬಾಗಿಲನ್ನೇ ನೋಡುತ್ತ ಕೂತಿದ್ದ. ಎರಡನೆಯದರಲ್ಲಿ ಬಾಗಿಲೂ ಇರಲಿಲ್ಲ. ಅಂಗಡಿಯಲ್ಲಿ ಆ ಪುಸ್ತಕ ಇಟ್ಟರೆ ಪಕ್ಕದ ಅಡುಗೆ ಪುಸ್ತಕಗಳೆಲ್ಲ ಉಪ್ಪು ಕಳೆದುಕೊಳ್ಳುತ್ತಿದ್ದವು. ಹೊಸ ಕಾದಂಬರಿಯಲ್ಲಿ ಲೋಕದ ಜನರೆಲ್ಲ ಮಾಯವಾಗಿ ನಾಯಕನೊಬ್ಬನೇ ಉಳಿದಿದ್ದ. ಕೊನೆಯ ಅಧ್ಯಾಯ ಬಾಕಿ. ಮಾರನೆಯ ಬೆಳಿಗ್ಗೆ ಅದು ಕೈಸೇರದಿದ್ದರೆ ಪುಸ್ತಕವೂ ಇಲ್ಲ, ಇನ್ನು ಮುಂದೆ ನೀವೂ ನಮಗಿಲ್ಲ ಎಂದು ಪ್ರಕಾಶಕರು ಹೇಳಿಬಿಟ್ಟಿದ್ದರು. ಬರೆಯಲು ಏಕಾಂತ ಬೇಕೆಂದು ಸೆನ್ಸೈ ಆ ದಿನವೇ ಕೊರೆಯುವ ಚಳಿಯಲ್ಲಿ ನಮ್ಮೂರಿಗೆ ಬಂದರು.

ವಸತಿಗೃಹದ ಯಜಮಾನಿ ತ್ಸುನೆ ಅಮ್ಮ ಬಾಗಿಲಲ್ಲೇ ಮಂಡಿಯೂರಿ ಕೇಳಿದರು, "ಒಬ್ಬರೇನಾ?"

"ಒಬ್ಬನೇ."

ಅಷ್ಟೇ. ಎಲ್ಲ ಅನಾಹುತ ಆ ಒಂದು ಮಾತಿನಿಂದ. ನಮ್ಮ ಕರಾವಳಿಯಲ್ಲಿ ಚಳಿಗಾಲಕ್ಕೆ ಒಬ್ಬಂಟಿ ಅತಿಥಿ, ಮೇಲೆ ಅಂಥ ಮುಖ, ಊರಾಚೆ ಸಮುದ್ರದ ಕಡೆ ಬಾಗಿದ ಬಂಡೆ ಬೇರೆ. ತ್ಸುನೆ ಅಮ್ಮ ಅಡುಗೆಮನೆಗೆ ಓಡಿ ಬಂದು ಪಿಸುಗುಟ್ಟಿದರು: "ಏನಾದ್ರೂ ಮಾಡ್ಕೊಂಡುಬಿಟ್ರೆ ಗತಿ ಏನು? ಒಂದು ಗಳಿಗೆನೂ ಒಂಟಿಯಾಗಿ ಬಿಡ್ಬೇಡಿ!"

ಸೆನ್ಸೈ ಕೋಣೆ ಸೇರಿ, ಕಾಗದ ಹರಡಿ, 'ಲೋಕದಲ್ಲಿ ಯಾರೂ ಇರಲಿಲ್ಲ' ಎಂದು ಬರೆದರು. ಸರ್ರನೆ ಬಾಗಿಲು ಸರಿಯಿತು. ತೋಫು ಅಂಗಡಿಯ ಇಸೊ ಅಜ್ಜಿ ಒಳಬಂದು, ಕಂಬಳಿ ಹೊದಿಸಿದ ಬಿಸಿ ಮೇಜಿನ ಕೆಳಗೆ ಅವರ ಎದುರೇ ಕಾಲು ತೂರಿಸಿ ಕೂತಳು.

"ಯಾರು ನೀವು?"

"ಯಾರೂ ಅಲ್ಲಪ್ಪ. ನೀನು ಬರಿ, ನಾನು ಸುಮ್ನೆ ಕೂತಿರ್ತೀನಿ."

ಅಜ್ಜಿ ಸುಮ್ಮನೆ ಕೂತದ್ದು ಒಂದು ಕಿತ್ತಳೆ ಸುಲಿಯುವಷ್ಟು ಹೊತ್ತು. ಆಮೇಲೆ ಗಂಡನ ಗೊರಕೆ, ಸೊಸೆಯ ಸಾರು, ಬೆಕ್ಕಿನ ಬಾಣಂತನ ಎಲ್ಲ ಹೊರಬಂತು. "ಇಷ್ಟು ಹೊತ್ತಿಂದ ಒಂದೇ ಸಾಲಾ? ತಗೋ, ಕಿತ್ತಳೆ ತಿನ್ನು. ಹೊಟ್ಟೇಲಿ ಏನೂ ಇಲ್ದಿದ್ರೆ ಲೋಕದಲ್ಲೂ ಯಾರೂ ಇಲ್ಲ ಅಂತಾನೇ ಅನ್ಸೋದು."

ಸೆನ್ಸೈ ತಪ್ಪಿಸಿಕೊಂಡು ಬಿಸಿನೀರ ಕೊಳಕ್ಕೆ ಓಡಿದರು. ಅಲ್ಲಿ ಆವಿಯ ನಡುವೆ ಒಂದು ಬೋಳುತಲೆ ಮೊದಲೇ ತೇಲುತ್ತಿತ್ತು. ಏಡಿ ದೋಣಿಯಿಂದ ನಿವೃತ್ತನಾದ ಗೊನ್‌ರೊಕು ಅಜ್ಜ.

"ಬನ್ನಿ ಸೆನ್ಸೈ, ಬೆನ್ನು ಕೊಡಿ."

"ಬೇಡ, ನಾನೇ..."

"ತನ್ನ ಬೆನ್ನು ತಾನೇ ಉಜ್ಜಿಕೊಂಡೋನು ಹುಟ್ಟಿದಾನಾ ಎಲ್ಲಾದ್ರೂ? ತಿರುಗಿ!"

ಎಷ್ಟು ವರ್ಷಗಳಿಂದ ಆ ಬೆನ್ನನ್ನು ಯಾರೂ ಮುಟ್ಟಿರಲಿಲ್ಲವೋ! ಅಜ್ಜ ಒರಟು ಬಟ್ಟೆಯಿಂದ ತಿಕ್ಕಿದಾಗ ಮೊದಲ ಎರಡು ಕಾದಂಬರಿಗಳು ಸುರುಳಿ ಸುರುಳಿಯಾಗಿ ಉದುರಿ ಮೋರಿ ಕಟ್ಟಿಕೊಂಡಿತು. ಸೆನ್ಸೈಗೆ ಹಿತವೆನಿಸಿತು, ಹಿತವೆನಿಸಿದ್ದಕ್ಕೆ ಭಯವಾಯಿತು. ಹತಾಶೆ ಹೀಗೆ ತೊಳೆದು ಹೋದರೆ ಕೊನೆಯ ಅಧ್ಯಾಯ ಬರೆಯುವುದು ಯಾವುದರಿಂದ?

ಒದ್ದೆ ಕೂದಲಲ್ಲೇ ಹಿಂಬಾಗಿಲಿಂದ ಬಂಡೆಯ ಕಡೆ ಓಡಿದರು. ಖಾಲಿ ಸಮುದ್ರವನ್ನೊಮ್ಮೆ ನೋಡಿದರೆ ಸಾಕು, ಕೊನೆಯ ಸಾಲು ತಾನಾಗಿ ಬರುತ್ತದೆಂಬ ಆಸೆ. ಬಂಡೆಯ ಮೇಲೆ ನಿಂತು ಕಣ್ಣು ಮುಚ್ಚಿದರು. ಆಗ, ಸುನಾಮಿ ಬಂದರೆ ಎಚ್ಚರಿಸಲು ಕಂಬ ಕಂಬಕ್ಕೆ ಕಟ್ಟಿರುವ ಊರಿನ ಧ್ವನಿವರ್ಧಕಗಳೆಲ್ಲ ಒಟ್ಟಿಗೆ ಕೂಗಿದವು:

"ಕುಗಿಮಿಯಾ ಸೆನ್ಸೈ! ಏಡಿ ಬೆಂದಿದೆ! ಆರಿಹೋಗೋ ಮುಂಚೆ ದಯವಿಟ್ಟು ವಾಪಸ್ ಬನ್ನಿ!"

ಕಣ್ಣು ತೆರೆದರೆ ಖಾಲಿ ಸಮುದ್ರ ಎಲ್ಲಿ? ಕೆಳಗೆ ಮುನ್ನೂರು ದೋಣಿ ಸಾಲುಗಟ್ಟಿ ಬಲೆ ಹರಡಿ ಹಿಡಿದಿದ್ದವು. ಹಿಂದೆ ಅಗ್ನಿಶಾಮಕದವರು, ಅಂಚೆಯವನು, ಶಾಲೆಯ ವಾದ್ಯಮೇಳ.

"ನಾನು ಸಾಯೋಕೆ ಬಂದಿಲ್ಲ ಕಣ್ರೀ, ಬರೆಯೋಕೆ ಬಂದಿದೀನಿ!"

"ಎಲ್ರೂ ಹಂಗೇ ಅನ್ನೋದು," ಎಂದು ಗೊನ್‌ರೊಕು ಅಜ್ಜ ಅವರನ್ನು ಮೀನಿನ ಬುಟ್ಟಿಯ ಹಾಗೆ ಹೆಗಲಿಗೇರಿಸಿಕೊಂಡ.

ರಾತ್ರಿಯ ಊಟಕ್ಕೆ ಊರೇ ಸುತ್ತ ಕೂತಿತ್ತು. ನಾನು ಏಡಿ ಬಡಿಸಿದೆ. ಏಡಿ ಬಂತೆಂದರೆ ನಿಮಗೆ ಗೊತ್ತಲ್ಲ, ಎಂಥ ವಾಚಾಳಿಯೂ ಬಾಯಿ ಮುಚ್ಚುತ್ತಾನೆ. ಎಲ್ಲರ ಗಮನ ಚಿಪ್ಪಿನೊಳಗೆ. ಇಸೊ ಅಜ್ಜಿ ಕೂಡ ಮೌನ. ಕೊನೆಗೂ ನಿಶ್ಶಬ್ದ! ಬರೆಯಲು ಇದೇ ಸಮಯ! ಆದರೆ ಸೆನ್ಸೈ ಕೈತುಂಬ ಏಡಿಯ ರಸ, ಲೇಖನಿ ಹಿಡಿಯುವ ಹಾಗಿಲ್ಲ. ನಾನು ಒಂದು ಕಾಲು ಎತ್ತಿ ಅವರ ತಟ್ಟೆಗೆ ಹಾಕಿದೆ ನೋಡಿ, ಹತಾಶೆ ಕಿಟಕಿ ಹಾರಿ ಓಡಿಹೋಯಿತು.

"ಆಮೇಲೆ ಸೆನ್ಸೈ ಏನಾದ್ರು?" ಹಿರುಮಾ ಕೇಳಿದಳು.

"ಬೆಳಿಗ್ಗೆ ನಗುನಗುತ್ತ ಸಮುದ್ರದ ಮೇಲೆ ನಡೆದುಕೊಂಡು ಹೋದರು. ನಾನೇ ಕಣ್ಣಾರೆ ಕಂಡೆ."

"ಅವರ ಬೆನ್ನು ಉಜ್ಜಿದಾಗ ಹಿತ ಅನ್ಸಿದ್ದು ಅಡುಗೆಯವರಾದ ನಿಮಗೆ ಹೇಗೆ ಗೊತ್ತಾಯ್ತು?"

ಉತ್ತರ ಹೊಸೆಯುತ್ತಿದ್ದೆ. ಅಷ್ಟರಲ್ಲಿ ತ್ಸುನೆ ಅಮ್ಮನ ದನಿ ಬಂತು. "ಕುಗಿಮಿಯಾ ಅವ್ರೇ! ನಿಮ್ಮ ಬಡಾಯಿ ಸಾಕು. ಆ ಹುಡುಗಿ ಊಟ ಮಾಡ್ತಿದಾಳಾ ನೋಡಿ ಮೊದ್ಲು!"

ಇನ್ನೇನು ಮುಚ್ಚಿಡಲಿ? ಹೌದು, ಆ ಸೆನ್ಸೈ ನಾನೇ. ಅಡುಗೆಯವನೂ ಅಲ್ಲ, ಏಡಿಯ ಚಿಪ್ಪು ಬಿಡಿಸುತ್ತೇನೆ, ಒಬ್ಬಂಟಿ ಅತಿಥಿ ಬಂದರೆ ಎದುರು ಕೂತು ನಗಿಸುತ್ತೇನೆ. ಮುನ್ನೂರು ದೋಣಿಯೂ ಸುಳ್ಳು; ಬಂದದ್ದು ಎರಡು, ಅದರಲ್ಲೊಂದು ಸೋರುತ್ತಿತ್ತು. ಆ ರಾತ್ರಿ ಇನ್ನೊಂದು ಕಾಲು ಹಾಕಿ ಎಂದು ತಟ್ಟೆ ಚಾಚಿದವನು ವಾಪಸ್ ಹೋಗಲೇ ಇಲ್ಲ. ಎಷ್ಟೋ ಚಳಿಗಾಲವಾಯಿತು.

ಹಿರುಮಾ ನೆಟ್ಟಗೆ ಕೂತು, ಎರಡು ಕೈಯಲ್ಲಿ ಹೆಸರಿನ ಚೀಟಿ ಹಿಡಿದು, ತಲೆ ಬಾಗಿ ಕೊಟ್ಟಳು. ಪ್ರಕಾಶಕರ ಹೊಸ ಸಂಪಾದಕಿ!

"ನಮ್ಮ ಪ್ರಕಾಶನಕ್ಕೆ ಹೊಸ ಯಜಮಾನರು ಬಂದಿದಾರೆ ಸೆನ್ಸೈ. ಕೊನೆಯ ಅಧ್ಯಾಯ ಸಿಕ್ಕರೆ ಈಗಲೂ ಅಚ್ಚು ಹಾಕ್ತಾರೆ. ಇವತ್ತಿಂದ ನಿಮ್ಮನ್ನ ಡಬ್ಬಿಗೆ ಹಾಕ್ತೀನಿ."

ಗಡುವು ಮೀರಿದ ಲೇಖಕನನ್ನು ಮೀನಿನ ಹಾಗೆ ಕೋಣೆಯೊಳಗಿಟ್ಟು ಮುಚ್ಚಿ, ಬರೆದು ಮುಗಿಸುವ ತನಕ ಬಿಡದಿರುವುದು ಅವರ ವೃತ್ತಿಯ ಪದ್ಧತಿ. ನಾನು ತ್ಸುನೆ ಅಮ್ಮನ ಕಾಲಿಗೇ ಬಿದ್ದೆ. "ಅಮ್ಮಾ, ಒಬ್ಬನೇ ಬಿಡ್ತೀರಾ ನನ್ನ?"

"ನಿಮಗೇನು, ಬಾಗಿಲಲ್ಲಿ ಈ ಹುಡುಗಿ ಕಾವಲಿರ್ತಾಳೆ. ಪಾಪ, ಅವಳು ಒಂಟಿಯಾಗಿರಬಾರ್ದು ನೋಡಿ. ಅವಳ ಜೊತೆಗೆ ಇಸೊ ಅಜ್ಜಿ, ಗೊನ್‌ರೊಕು ಅಜ್ಜ ಕೂರ್ತಾರೆ."

ಹೀಗೆ, ಜೀವಮಾನವೆಲ್ಲ ಬೇಡಿದ ಏಕಾಂತ ನನಗೆ ಸಿಕ್ಕಿದೆ. ಈ ಕೋಣೆಯಲ್ಲಿ ಕೂತು ಬರೆದ ಕೊನೆಯ ಅಧ್ಯಾಯವೇ ನೀವು ಈವರೆಗೆ ಓದಿದ್ದು. ಈಗ ತಾನೇ ಬಾಗಿಲ ಸಂದಿಯಿಂದ ಹೊರಗೆ ತೂರಿಸಿದ್ದೆ. ಹಾಗೇ ವಾಪಸ್ ಒಳಗೆ ಬಂತು, ಜೊತೆಗೆ ಹಿರುಮಾಳ ದನಿಯೂ.

"ಲೋಕದಲ್ಲಿ ಯಾರೂ ಉಳಿದಿಲ್ಲ ಅಂತ ಹಿಂದಿನ ಅಧ್ಯಾಯದಲ್ಲಿದೆ ಸೆನ್ಸೈ. ಇದರಲ್ಲಿ ಇಡೀ ಊರೇ ಇದೆ. ಇನ್ನೊಂದ್ಸಲ ಬರೀರಿ."

'ಲೋಕದಲ್ಲಿ ಯಾರೂ ಇರಲಿಲ್ಲ' ಎಂದು ಬರೆದು ಕಿವಿಗೊಟ್ಟು ಕೂತಿದ್ದೇನೆ. ಇಷ್ಟು ಹೊತ್ತು ಆಚೆ ಇಸೊ ಅಜ್ಜಿ ಬೆಕ್ಕಿನ ಬಾಣಂತನ ಹೇಳುತ್ತಿದ್ದಳು, ಹಿರುಮಾ ನಗುತ್ತಿದ್ದಳು. ಈಗ ಇದ್ದಕ್ಕಿದ್ದಂತೆ ಯಾರ ಸದ್ದೂ ಇಲ್ಲ.

ಏಡಿ ಬಡಿಸಿರಬೇಕು.