ಪಿಂಕ್ನಿಯಲ್ಲಿ ಕಂಡದ್ದೇನು?

ಆರ್ವಿಲ್ ಟಿಬೆಟ್ಸ್ ಕುರ್ಚಿ ಬದಲಾಯಿಸಿದ್ದೇ ಎಲ್ಲ ಅನರ್ಥಕ್ಕೂ ಮೂಲ.

ದೊಡ್ಡ ಬೇಸ್‌ಬಾಲ್ ತಂಡಗಳು ತಮ್ಮ ಎಳೆಯ ಆಟಗಾರರನ್ನು ವಿಲ್ಮೋರ್‌ನಂಥ ಸಣ್ಣ ಊರುಗಳ ತಂಡಗಳಲ್ಲಿ ಪಳಗಲು ಬಿಟ್ಟಿರುತ್ತವೆ. ಅವರಲ್ಲಿ ಯಾರು ಹಣ್ಣಾಗುತ್ತಾರೆ, ಯಾರು ಹೀಚಿನಲ್ಲೇ ಉದುರುತ್ತಾರೆ ಎಂದು ನೋಡಿ ಹೇಳುವುದು ಸ್ಕೌಟುಗಳ ಕೆಲಸ. ದಾಂಡಿಗನ ಬೆನ್ನ ಹಿಂದಿನ ಬಲೆಯಾಚೆ ಅವರಿಗೆಂದೇ ಒಂದು ಸಾಲು ಕುರ್ಚಿ ಉಂಟು. ಹುಲ್ಲಿನ ಟೋಪಿ ಹಾಕಿ, ಚೆಂಡಿನ ವೇಗ ಅಳೆಯುವ ಗನ್ನು ಹಿಡಿದು, ಹಲ್ಲು ಕೀಳಿಸಲು ಸರದಿ ಕಾಯುವವರ ಮುಖ ಮಾಡಿಕೊಂಡು ಕೂತಿರುತ್ತಾರೆ. ಯಾರನ್ನೂ ಮೆಚ್ಚಿದಂತೆ ಕಾಣಿಸಬಾರದು. ಪಕ್ಕದವನಿಗೆ ಗೊತ್ತಾದರೆ ಹುಡುಗನ ಬೆಲೆ ಏರುತ್ತದೆ. ಹಾಗಾಗಿ ಅವರು ಆಟ ನೋಡುವುದು ಕಡಿಮೆ, ಒಬ್ಬರನ್ನೊಬ್ಬರು ನೋಡುವುದೇ ಹೆಚ್ಚು.

ಅವತ್ತು ಆಟಗಾರರ ಅದಲುಬದಲಿಗೆ ಆ ವರ್ಷದ ಕಡೆಯ ದಿನ. ಬೆಳಿಗ್ಗೆಯೇ, ವಿಲ್ಮೋರ್‌ನಲ್ಲಿ ಹುಡುಗರನ್ನು ಬಿಟ್ಟಿದ್ದ ದೊಡ್ಡ ತಂಡದ ಮುಖ್ಯ ಕಚೇರಿಯಿಂದ ಪ್ರೆಸ್ಟನ್ ಫೋನ್ ಮಾಡಿದ್ದ. ಪ್ರೆಸ್ಟನ್ ಸ್ಕೌಟು ಆರ್ವಿಲ್‌ನ ಮೇಲಧಿಕಾರಿ, ವಯಸ್ಸಿನಲ್ಲಿ ಅವನ ಮಗನಷ್ಟು. ಆಟವನ್ನು ಬಿಸಿಲಲ್ಲಿ ನೋಡಿದವನಲ್ಲ, ಪರದೆಯ ಮೇಲೆ ನೋಡಿದವನು.

“ಆರ್ವಿಲ್, ಎದುರಿನವರು ಒಬ್ಬ ಅನುಭವಿ ಆಟಗಾರನ್ನ ಕೊಟ್ಟು ವಿಲ್ಮೋರ್‌ನಿಂದ ಒಬ್ಬ ಹುಡುಗನ್ನ ಕೇಳ್ತಿದಾರೆ. ಕೆಸಾಡಾ, ಇಲ್ಲ ಪಿಂಕ್ನಿ. ಅವರ ಕಡೆಯಿಂದ ಲೈಲ್ ಬ್ರಾಂಟ್ಲಿ ಇವತ್ತು ನೋಡೋಕೆ ಬರ್ತಾನೆ.”

“ಕೆಸಾಡಾನ ಮಾತ್ರ ಕೊಡಬೇಡಿ ಪ್ರೆಸ್ಟನ್. ಆ ಹುಡುಗನ ಎಡಗೈ ದೇವರು ಪುರುಸೊತ್ತಿನಲ್ಲಿ ಮಾಡಿದ್ದು. ಪಿಂಕ್ನಿನ ಕೊಟ್ಬಿಡಿ. ಬೇಕಾದ್ರೆ ಬಸ್ ಚಾರ್ಜೂ ನಾವೇ ಕೊಡೋಣ.”

“ನಿಮ್ಮ ವರದಿ ಓದಿದೀನಿ. ಆದ್ರೆ ನಮ್ಮ ಕಂಪ್ಯೂಟರಿಗೆ ಇಬ್ರೂ ಒಂದೇ ಥರ ಕಾಣ್ತಾರೆ.” ಪ್ರೆಸ್ಟನ್ ದನಿ ತಗ್ಗಿಸಿದ. “ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಮುಂದಿನ ವರ್ಷ ಸ್ಕೌಟುಗಳು ಬೇಕೇ ಬೇಕಾ ಅಂತ ಮೇಲ್ಗಡೆ ಮಾತಾಗ್ತಿದೆ. ನೀವು ಹುಡುಕಿ ತಂದವರಲ್ಲಿ ಉಳ್ಕೊಂಡಿರೋದು ಕೆಸಾಡಾ ಒಬ್ನೇ, ಅಲ್ವಾ?”

ಕೆಸಾಡಾ ಹೋದರೆ ತನ್ನ ಕೆಲಸವೂ ಅವನ ಚೀಲದಲ್ಲೇ ಹೋಗುತ್ತದೆ ಎಂದು ಆರ್ವಿಲ್‌ಗೆ ಅರ್ಥವಾಯಿತು. ಬ್ರಾಂಟ್ಲಿ ಪಿಂಕ್ನಿಯನ್ನೇ ಕೇಳಬೇಕು. ಹಾಗೆ ಕೇಳಿಸುವುದು ಹೇಗೆ? ಪಿಂಕ್ನಿಯನ್ನು ನೋಡಿದರೆ ಸಾಲದು; ಆರ್ವಿಲ್ ಪಿಂಕ್ನಿಯನ್ನು ನೋಡುವುದನ್ನು ಬ್ರಾಂಟ್ಲಿ ನೋಡಬೇಕು.

ಡ್ವೇನ್ ಪಿಂಕ್ನಿ ಬೀರುವಿನಷ್ಟು ದೊಡ್ಡ ಹುಡುಗ. ನೇರ ಬಂದ ಚೆಂಡನ್ನು ಆಚೆ ಊರಿಗೆ ಅಟ್ಟಬಲ್ಲ. ಆದರೆ ಚೆಂಡು ಕೊಂಚ ತಿರುಗಿತೋ, ಜೇನುಹುಳ ಓಡಿಸುವವನಂತೆ ಗಾಳಿಯನ್ನು ಬಡಿಯುತ್ತಿದ್ದ. ವಿಲ್ಮೋರ್‌ಗೆ ಬರುವ ಎಲ್ಲ ತಂಡಗಳಿಗೂ ಈ ಸಂಗತಿ ಗೊತ್ತಿತ್ತು. ಹಾಗಾಗಿ ಅವನಿಗೆ ನೇರ ಚೆಂಡು ಯಾರೂ ಎಸೆಯುತ್ತಿರಲಿಲ್ಲ.

ಕೆಸಾಡಾ ಚೆಂಡು ಎಸೆಯುವಾಗ ಆರ್ವಿಲ್ ಗನ್ನನ್ನು ಕಾಲಡಿ ಇಟ್ಟು ಆಕಳಿಸಿದ, ಕಡಲೆಕಾಯಿ ಸುಲಿದ. ಪಿಂಕ್ನಿ ಬ್ಯಾಟು ಹಿಡಿದು ಬಂದದ್ದೇ ತಡ, ಎದ್ದು ಎಡಬದಿಗೆ, ಮೂರನೇ ಬೇಸಿನ ಪಕ್ಕದ ಕುರ್ಚಿಗೆ ಹೋಗಿ ಕೂತ. ಪಿಂಕ್ನಿಯಂಥ ಎಡಗೈ ದಾಂಡಿಗನ ಕೈ, ಎದೆ, ಸೊಂಟವೆಲ್ಲ ಚೆನ್ನಾಗಿ ಕಾಣುವುದು ಅಲ್ಲಿಂದಲೇ. ಸ್ಕೌಟು ಅಲ್ಲಿಗೆ ಎದ್ದು ಹೋದನೆಂದರೆ ಮನಸ್ಸು ಕೊಟ್ಟನೆಂದೇ ಅರ್ಥ.

ಬ್ರಾಂಟ್ಲಿಯ ಕಪ್ಪು ಕನ್ನಡಕ ನಿಧಾನವಾಗಿ ಅತ್ತ ತಿರುಗಿತು.

ಆದರೆ ಆ ಕಡೆಯ ಕುರ್ಚಿಗಳಲ್ಲಿ ಮಾರ್ವಾ ಸ್ಕಾಲಿಟ್ಸ್ಕಿ ಇದ್ದಳು. ಊರ ತಂಡದ ಹುಡುಗರಿಗೆ ಊರವರೇ ಮನೆಯಲ್ಲಿ ಜಾಗ ಕೊಡುವುದು ವಾಡಿಕೆ. ಪಿಂಕ್ನಿ ಇದ್ದದ್ದು ಅವಳ ಮನೆಯಲ್ಲಿ.

“ರೀ ಟಿಬೆಟ್ಸ್, ನಮ್ಮ ಡ್ವೇನ್‌ನ ನೋಡೋಕೆ ಬಂದ್ರಾ? ಅಂತೂ ಕಣ್ಣು ಬಿಟ್ರಲ್ಲ! ತಗೊಳ್ಳಿ, ಕೊಲಾಚ್ ತಿನ್ನಿ.” ಜ್ಯಾಮು ತುಂಬಿದ ಬನ್ನೊಂದು ಅವನ ಕೈಗೆ ಬಂತು. “ಬಲು ಒಳ್ಳೇ ಹುಡುಗ. ಉಂಡ ತಟ್ಟೆ ತಾನೇ ತೊಳೀತಾನೆ. ಅದನ್ನೂ ಬರ್ಕೊಳ್ಳಿ.” ಆಮೇಲೆ ಎದ್ದು ನಿಂತು ಮೈದಾನಕ್ಕೆಲ್ಲ ಕೇಳುವಂತೆ ಕೂಗಿದಳು. “ಡ್ವೇನ್! ಮುಖ್ಯ ಕಚೇರಿಯವರು ನಿನ್ನನ್ನೇ ನೋಡ್ತಿದಾರೆ ಕಣೋ! ಬೆನ್ನು ನೆಟ್ಟಗೆ ಮಾಡು!”

ಡ್ವೇನ್ ಬೆನ್ನು ನೆಟ್ಟಗೆ ಮಾಡಿದ. ಮೂರು ಸಲ ಬೀಸಿದ, ಮೂರೂ ಗಾಳಿಗೆ. ಕೊನೆಯ ಬೀಸಿಗೆ ತಾನೇ ಬುಗುರಿಯಂತೆ ಸುತ್ತಿ ಕೂತುಬಿಟ್ಟ. ಔಟ್.

“ಆಹಾ, ಎಂಥಾ ಬೀಸು!” ಎಂದು ಆರ್ವಿಲ್ ನಿಟ್ಟುಸಿರಿಟ್ಟ.

ಬ್ರಾಂಟ್ಲಿ ಯಾವುದೋ ಮಾಯದಲ್ಲಿ ಹಿಂದಿನ ಕುರ್ಚಿಗೆ ಬಂದಿದ್ದ. “ಚೆಂಡು ಒಂದು ಕಡೆ, ಬ್ಯಾಟು ಒಂದು ಕಡೆ ಇತ್ತಲ್ಲಯ್ಯಾ ಟಿಬೆಟ್ಸ್?”

“ಹೌದಾ? ನಾನು ಸರಿಯಾಗಿ ನೋಡ್ಲಿಲ್ಲಪ್ಪ,” ಎಂದು ಆರ್ವಿಲ್ ಕಳ್ಳನಂತೆ ಮುಖ ತಿರುಗಿಸಿದ. ಮುಚ್ಚಿಡುವವನ ಮುಖ ಮಾಡುವುದರಲ್ಲಿ ಆಯಸ್ಸೆಲ್ಲ ಕಳೆದವನು. ಈಗ ಮುಚ್ಚಿಡಲು ಏನೂ ಇರಲಿಲ್ಲ, ಅಷ್ಟೇ.

ಸ್ವಲ್ಪ ಹೊತ್ತಿಗೆ ಇನ್ನಿಬ್ಬರು ಸ್ಕೌಟುಗಳೂ ಈ ಕಡೆಗೆ ಬಂದು, ನೆರಳು ಹುಡುಕಿಕೊಂಡು ಬಂದವರಂತೆ ಪಕ್ಕಾ ಬಿಸಿಲಲ್ಲಿ ಕೂತರು.

ಪಿಂಕ್ನಿ ಎರಡನೆಯ ಸಲ ಬಂದಾಗ ಚೆಂಡು ಅವನ ಬ್ಯಾಟಿನ ಅಂಚಿಗೆ ತಾಗಿ, ಹೋಗಬಾರದ ದಿಕ್ಕಿಗೆ ಚಿಮ್ಮಿ, ಮಾಡು ದಾಟಿ ಗಾಡಿಗಳನ್ನು ನಿಲ್ಲಿಸಿದ್ದ ಕಡೆ ಬಿತ್ತು. ಗಾಜು ಒಡೆದ ಸದ್ದಾಯಿತು. ಧ್ವನಿವರ್ಧಕ ನಗುತ್ತ ಹೇಳಿತು: “ಹಸಿರು ಬಣ್ಣದ ಹಳೇ ಸ್ಟೇಷನ್ ವ್ಯಾಗನ್, ಬಂಪರಿಗೆ ಹಗ್ಗ ಕಟ್ಟಿದೆ. ಯಜಮಾನರು ಯಾರಾದ್ರೂ ಇದ್ರೆ ದಯವಿಟ್ಟು ಅಳಬೇಡಿ.”

“ಅಯ್ಯೋ, ಅದು ನಿಮ್ಮದಲ್ವೇನ್ರೀ ಟಿಬೆಟ್ಸ್?” ಎಂದಳು ಮಾರ್ವಾ.

ಹೌದು, ಅದು ಆರ್ವಿಲ್‌ನದೇ. ಆದರೂ ಎದ್ದು ನಿಂತು ಚಪ್ಪಾಳೆ ತಟ್ಟಿದ. “ಎಂಥಾ ಶಕ್ತಿ! ಎಂಥಾ ಶಕ್ತಿ!”

ಬ್ರಾಂಟ್ಲಿಗೆ ಉಳಿದಿದ್ದ ಅನುಮಾನ ಅಲ್ಲಿಗೆ ಮುಗಿಯಿತು. ತನ್ನ ಗಾಡಿಯ ಗಾಜು ಒಡೆದವನಿಗೆ ಸ್ಕೌಟೊಬ್ಬ ಚಪ್ಪಾಳೆ ತಟ್ಟಿದನೆಂದರೆ ಆ ಹುಡುಗನಲ್ಲಿ ಏನೋ ಇರಲೇಬೇಕು. ಅವನು ಫೋನನ್ನು ಟೋಪಿಯ ಮರೆಯಲ್ಲಿ ಹಿಡಿದು ಮೆಟ್ಟಿಲ ಕಡೆಗೆ ಓಡಿದ. ಅವನ ಹಿಂದೆಯೇ ಇನ್ನಿಬ್ಬರೂ ಓಡಿದರು.

ಆರ್ವಿಲ್ ಕಾಲು ಚಾಚಿ ಕೂತು ಇನ್ನೊಂದು ಕೊಲಾಚ್ ಕೇಳಿ ತಿಂದ. ಮೈದಾನದಲ್ಲಿ ಕೆಸಾಡಾ ಎಸೆಯುತ್ತಿದ್ದ. ಅವನ ಚೆಂಡು ದಾಂಡಿಗನ ಮುಂದೆ ಬಂದು ಏನೋ ನೆನಪಾದಂತೆ ಕೆಳಗಿಳಿಯುತ್ತಿತ್ತು. ಈಗ ಆರ್ವಿಲ್ ಮನಸಾರೆ ನೋಡಿದ.

ಅಷ್ಟರಲ್ಲಿ ತರಬೇತುದಾರ ನಡೆದು ಬಂದು ಕೆಸಾಡಾನ ಕೈಯಿಂದ ಚೆಂಡು ತೆಗೆದುಕೊಂಡ. ಹುಡುಗನಿಗೆ ಪೆಟ್ಟಾಗಿರಲಿಲ್ಲ, ಸುಸ್ತೂ ಇರಲಿಲ್ಲ. ಅವನು ಹೊರಗೆ ಬರುತ್ತಲೇ ಜೊತೆಗಾರರು ಒಬ್ಬೊಬ್ಬರಾಗಿ ಎದ್ದು ಅವನನ್ನು ಅಪ್ಪಿಕೊಳ್ಳತೊಡಗಿದರು.

“ಅಯ್ಯೋ, ಅಪ್ಕೊಳ್ತಿದಾರೆ!” ಮಾರ್ವಾ ಎದೆಗೆ ಕೈಯಿಟ್ಟುಕೊಂಡಳು. “ಕೆಸಾಡಾನ ಬೇರೆ ತಂಡಕ್ಕೆ ಕೊಟ್ಬಿಟ್ರು ಕಣ್ರೀ!”

ವರ್ಷದ ಆ ಒಂದು ದಿನ, ಆಟದ ನಡುವೆ ಅಪ್ಪುಗೆ ಕಂಡರೆ ಬೇರೆ ಪ್ರಕಟಣೆ ಬೇಕಾಗಿಲ್ಲ. ಆರ್ವಿಲ್‌ನ ಫೋನ್ ಆಗಲೇ ಬಡಿದುಕೊಳ್ಳುತ್ತಿತ್ತು.

“ಅವರು ಪಿಂಕ್ನಿನ ಕೇಳ್ಲಿಲ್ವಾ?” ಎಂದು ಕೂಗಿದ ಆರ್ವಿಲ್.

“ಕೇಳಿದ್ರು! ಪಟ್ಟು ಹಿಡಿದು ಕೇಳಿದ್ರು!” ಪ್ರೆಸ್ಟನ್ ಉಬ್ಬಿಹೋಗಿದ್ದ. “ಹಿಂದೇನೇ ಇನ್ನೆರಡು ತಂಡದವರೂ ಅವನನ್ನೇ ಕೇಳಿದ್ರು. ಮೂರು ತಂಡ ಮುಗಿಬಿದ್ದ ಹುಡುಗನ್ನ ಬಿಡೋಕೆ ನಮಗೇನು ತಲೆ ಕೆಟ್ಟಿದ್ಯಾ? ‘ಪಿಂಕ್ನಿ ಇಲ್ಲ, ಬೇಕಾದ್ರೆ ಕೆಸಾಡಾನ ತಗೊಳ್ಳಿ’ ಅಂದ್ವಿ. ಗೊಣಗ್ತಾ ತಗೊಂಡ್ರು.”

“ಪಿಂಕ್ನಿ ಪ್ರಯೋಜನ ಇಲ್ಲ ಅಂತ ನಾನು ಬರೆದಿದ್ನಲ್ಲಾ...”

“ಅದೇ ಮಾತು ಇಲ್ಲೂ ಬಂತು. ಮೂರು ತಂಡದ ಕಣ್ಣಿಗೆ ಕಂಡಿದ್ದು ನಿಮಗೆ ಕಾಣ್ಲಿಲ್ಲ.”

ಅದು ನಾಟಕ ಎನ್ನಲು ಆರ್ವಿಲ್ ಬಾಯಿ ತೆರೆದ. ಹಾಗೆಂದರೆ ಕೆಸಾಡಾನನ್ನು ಕಳೆದವನು ತಾನೇ ಎಂದು ಒಪ್ಪಿಕೊಂಡಂತೆ. ಅಷ್ಟರಲ್ಲಿ ಪ್ರೆಸ್ಟನ್ ಮುಂದುವರಿಸಿದ.

“ಇವರೆಲ್ಲರಿಗಿಂತ ಮುಂಚೆ ಪಿಂಕ್ನಿನ ಕೇಳ್ಸಿದ್ದು ಬ್ರಾಂಟ್ಲಿ. ಅಂಥ ಕಣ್ಣು ನಮ್ಮಲ್ಲಿರ್ಲಿ ಅಂತ ಅವನನ್ನ ಈಗ್ತಾನೆ ನಮ್ಮ ಕಡೆ ಎಳ್ಕೊಂಡ್ವಿ. ನಿಮ್ಮನ್ನ ತೆಗೀಬೇಕು ಅಂತಿದ್ವಿ. ಅವನೇ ‘ಟಿಬೆಟ್ಸ್ ಇರ್ಲಿ, ನನ್ನ ಕೈಕೆಳಗೆ ಬೇಕು’ ಅಂದ. ದೊಡ್ಡ ಮನುಷ್ಯ.”

ಫೋನ್ ಕೆಳಗಿಡುವಷ್ಟರಲ್ಲಿ ಬ್ರಾಂಟ್ಲಿ ಬಂದು ಪಕ್ಕದಲ್ಲೇ ಕೂತ. ಸುತ್ತ ನೋಡಿ, ಮಾರ್ವಾ ಕಣ್ಣೊರೆಸಿಕೊಳ್ಳುತ್ತಿರುವುದನ್ನು ಖಚಿತಪಡಿಸಿಕೊಂಡು, ಕಿವಿಯ ಹತ್ತಿರ ಬಗ್ಗಿದ.

“ನೋಡಯ್ಯಾ, ನಮ್ಮಿಬ್ಬರಲ್ಲೇ ಇರ್ಲಿ. ಆ ಹುಡುಗನಲ್ಲಿ ನನಗೆ ಒಂದು ಚೂರೂ ಏನೂ ಕಾಣ್ಲಿಲ್ಲ. ನಾನು ನೋಡಿದ್ದು ನಿನ್ನನ್ನ. ಈಗ ಪ್ರೆಸ್ಟನ್ ಪೂರ್ತಿ ವರದಿ ಕೇಳ್ತಿದಾನೆ. ಅವನಲ್ಲಿ ನಿನಗೆ ಕಂಡಿದ್ದೇನು, ಬೇಗ ಹೇಳು.”

ಮೈದಾನದಲ್ಲಿ ಪಿಂಕ್ನಿ ಸುಲಭದ ಚೆಂಡೊಂದನ್ನು ಕಾಲುಗಳ ನಡುವೆ ಹಾಯಗೊಟ್ಟು, ಅದು ಎಲ್ಲಿ ಹೋಯಿತೆಂದು ಆಕಾಶದಲ್ಲಿ ಹುಡುಕುತ್ತಿದ್ದ.

ಆರ್ವಿಲ್ ಅತ್ತ ನೋಡಿದ.

“ಆತುರ ಇಲ್ಲದ ಹುಡುಗ,” ಎಂದ.

“ಅದೇ! ಅದೇ!” ಬ್ರಾಂಟ್ಲಿ ಅವನ ತೊಡೆಗೆ ಹೊಡೆದ. “ನನಗೂ ಹಾಗೇ ಅನ್ನಿಸಿತ್ತು ಕಣಯ್ಯಾ. ಮುಂದೆ ಹೇಳು.”