ವಿಮಾನದ ಭಾರ ಇಳಿಸಿದ ಸುಕುಮಾರಣ್ಣ

"ಟೈಮಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವುದು ಬೇಡ!" ಎಂದು ಪೆರ್ಲದ ಸುಕುಮಾರಣ್ಣ ಘೋಷಿಸಿದರು. ಇಪ್ಪತ್ತೆಂಟು ವರ್ಷ ಪುತ್ತೂರು ಬಸ್ಸಿನಲ್ಲಿ ಕಂಡಕ್ಟರ್ ಆಗಿ ಸೀಟಿ ಊದಿದ ಮಹಾನುಭಾವರು. ಎದುರಾಡುವವರು ಯಾರು?

ಮಗಳು ತೃಪ್ತಿಯ ನಿಶ್ಚಿತಾರ್ಥದ ವಾರ ಅವರ ತಲೆಗೆ ಹುಳ ಬಿಟ್ಟದ್ದು ವಿಮಾನದ ಟಿಕೆಟ್. ದುಬೈಯಲ್ಲಿರುವ ಹೆಂಡತಿಯ ತಮ್ಮ ಲತೇಶ್, ಬರುವ ಹೋಗುವ ಎರಡೂ ಟಿಕೆಟ್ ಫೋನಿಗೆ ಕಳಿಸಿದ್ದ. ದುಬೈಯಿಂದ ಬೆಳಿಗ್ಗೆ ಹತ್ತಕ್ಕೆ ಹೊರಟು ಮಂಗಳೂರಿಗೆ ಮಧ್ಯಾಹ್ನ ಮೂರಕ್ಕೆ. ಐದು ಗಂಟೆ! ಮರಳುವಾಗ ಮಂಗಳೂರು ನಾಲ್ಕಕ್ಕೆ ಬಿಟ್ಟು ದುಬೈ ಆರೂ ಹತ್ತಕ್ಕೆ. ಎರಡು ಗಂಟೆ ಹತ್ತೇ ನಿಮಿಷ! ದೂರ ಮಾತ್ರ ಎರಡೂ ಕಡೆಗೆ ಅದೇ ಎರಡೂವರೆ ಸಾವಿರ ಕಿಲೋಮೀಟರ್. ಇದು ಹೇಗೆ?

ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ಜ್ಞಾನೋದಯವಾಯಿತು.

"ದಮಯಂತೀ, ಗೊತ್ತಾಯ್ತು! ಹೋಗುವಾಗ ಎಲ್ಲರ ಹತ್ತಿರ ಒಂದು ಉಪ್ಪಿನಕಾಯಿ ಬಾಟ್ಲಿ. ಬರುವಾಗ ಹಗ್ಗ ಬಿಗಿದ ಪೆಟ್ಟಿಗೆಗಳು! ಲೋಡು ಬಸ್ಸು ಗುಡ್ಡದ ಚಡಾವು ಹತ್ತುವುದು ನಿಧಾನವೇ ಅಲ್ವಾ?"

"ನಿಮ್ಮ ವಿಮಾನಕ್ಕೆ ಚಡಾವು ಎಲ್ಲಿ ಉಂಟು ಮಾರ್ರೆ? ಲತೇಶನ ಹತ್ರ ಕೇಳಬಾರದಾ?"

ಕೇಳುವುದೇ? ಕಂಡಕ್ಟರ್ ಪ್ರಯಾಣಿಕನ ಹತ್ತಿರ ಟೈಮ್ ಕೇಳುವುದುಂಟೇ!

ನಿಜವಾದ ಸಂಕಟ ಬೇರೆ ಇತ್ತು. ಲತೇಶನಿಗೆ ರಜೆ ಸಿಕ್ಕಿದ್ದೇ ನಿಶ್ಚಿತಾರ್ಥದ ದಿನದಿಂದ. ಮುಹೂರ್ತ ಸಂಜೆ ಐದಕ್ಕೆ. ಸೋದರಮಾವ ಇಲ್ಲದೆ ತಾಂಬೂಲ ಬದಲಾಯಿಸುವ ಹಾಗಿಲ್ಲ. ವಿಮಾನ ನಿಲ್ದಾಣದಿಂದ ಹೊರಗೆ ಬರಲು ಒಂದು ಗಂಟೆ, ಅಲ್ಲಿಂದ ಮನೆಗೆ ಒಂದೂವರೆ ಗಂಟೆಯ ದಾರಿ. ಅರ್ಧ ಗಂಟೆಯಾದರೂ ಉಳಿಸಲೇಬೇಕು! ಸುಕುಮಾರಣ್ಣ ಗುಟ್ಟಾಗಿ ಫೋನ್ ಮಾಡಿದರು.

"ಲತೇಶಾ, ಪೆಟ್ಟಿಗೆ ತರಬೇಡ. ಹಗುರ ಆದಷ್ಟು ಬೇಗ!"

"ಅದು ಸರಿ ಭಾವ. ಆದರೆ ಅಕ್ಕ ಹೇಳಿದ ಒಂದು ಸಾಮಾನು..."

"ಎಂತದ್ದೇ ಇರಲಿ, ಅಲ್ಲೇ ಬಿಡು. ಅಕ್ಕನನ್ನು ನಾನು ನೋಡಿಕೊಳ್ತೇನೆ!"

ಆ ದಿನ ವಿಮಾನ ಬೇಗ ಬಂದೀತೆಂದು ಮಧ್ಯಾಹ್ನ ಹನ್ನೆರಡೂವರೆಗೇ ಹೋಗಿ ನಿಲ್ದಾಣದ ಬಾಗಿಲ ಎದುರು ನಿಂತರು. ಕುರ್ಚಿಯಲ್ಲಿ ಕೂತರೆ ಲತೇಶ ಕಣ್ತಪ್ಪಿ ಹೋದರೆ? ವಿಮಾನ ಸರಿಯಾಗಿ ಮೂರಕ್ಕೆ ಇಳಿಯಿತು. ಒಂದು ನಿಮಿಷ ಮುಂಚೆ ಇಲ್ಲ! ಕೈಚೀಲ ಹಿಡಿದ ಲತೇಶ ಎಲ್ಲರಿಗಿಂತ ಮೊದಲು ಹೊರಗೆ ಬಂದ.

"ನೀನೊಬ್ಬ ಭಾರ ಇಳಿಸಿ ಎಂತ ಮಾಡುವುದು! ಉಳಿದವರು ತುಂಬಿಸಿಕೊಂಡು ಬಂದಿದ್ದಾರಲ್ಲ!"

ಲತೇಶನಿಗೆ ಏನೂ ಅರ್ಥವಾಗಲಿಲ್ಲ. ಕಾರಿನಲ್ಲಿ ಕೂತು ಕೈಗಡಿಯಾರದ ಮುಳ್ಳು ತಿರುಗಿಸತೊಡಗಿದ.

"ಅದೆಂತ ಮಾಡ್ತಿ?"

"ದುಬೈ ಟೈಮ್ ನಮಗಿಂತ ಒಂದೂವರೆ ಗಂಟೆ ಹಿಂದೆ ಭಾವ. ಹೋಗುವುದಕ್ಕೂ ಬರುವುದಕ್ಕೂ ಮೂರೂವರೆ ಗಂಟೆ ಹತ್ತಿರ ಹತ್ತಿರ."

ಪೆರ್ಲ ಬರುವ ತನಕ ಸುಕುಮಾರಣ್ಣ ಬೆರಳು ಮಡಚಿ ಮಡಚಿ ಗಂಟೆ ಎಣಿಸಿದರು. ಆದರೂ ಪೆಟ್ಟಿಗೆಗೆ ಕಾಯುವುದು ತಪ್ಪಿದ್ದರಿಂದ ಐದಕ್ಕೆ ಹತ್ತು ನಿಮಿಷ ಇರುವಾಗಲೇ ಮನೆ ತಲುಪಿದರು. ತಾಂಬೂಲ ಬದಲಾಯಿತು, ತೃಪ್ತಿ ನಕ್ಕಳು, ಅಪ್ಪನ ಜೀವ ತಣ್ಣಗಾಯಿತು. ನಿಲ್ದಾಣದಲ್ಲಿ ನಿಂತು ನಿಂತು ಕಾಲು ಮಾತ್ರ ಊದಿಕೊಂಡಿತ್ತು. ನೆಂಟರು ಹೋದ ಮೇಲೆ ನರಳುತ್ತಾ ಕುರ್ಚಿಗೆ ಬಿದ್ದರು.

"ಲತೇಶಾ, ನಾನು ಹೇಳಿದ್ದು ಎಲ್ಲಿ?" ಎಂದು ದಮಯಂತಿ ಕೇಳಿದರು.

"ಭಾವ ಬಿಟ್ಟು ಬಾ ಅಂದರು ಅಕ್ಕ."

ದಮಯಂತಿ ಗಂಡನ ಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು.

"ನಿಮಗೇ ಅಂತ ತರಿಸಿದ್ದು ಮಾರ್ರೆ, ಕಾಲು ಒತ್ತುವ ಮೆಷಿನ್! ಇನ್ನು ನೀವೇ ಒತ್ತಿಕೊಳ್ಳಿ. ಎಡಗಾಲಿಗೆ ಎರಡು ಗಂಟೆ ಹತ್ತು ನಿಮಿಷ, ಬಲಗಾಲಿಗೆ ಐದು ಗಂಟೆ!"